ಮನೆಯ ಮರೆಯ ದುಃಖವೂ ಹಾಡಿನ ಹುಟ್ಟೂ
(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

ಈ ಶುಭಸಂದರ್ಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರ ಅಪ್ಪಣೆಯಾಗಿರುವುದು. ಈ ವೇದಿಕೆಯ ಮೇಲೆ ಶಾಸ್ತ್ರವೇತ್ತರೂ ಪಂಡಿತರೂ ಗಹನವಾದ ವಿಷಯಗಳನ್ನು ವಿವೇಚಿಸಿರುವರು. ನಾನಾದರೋ ಹಾಡುಗಳನ್ನು ಕೇಳುತ್ತ, ಕೂಡಿಸುತ್ತ, ಅಲ್ಪಸ್ವಲ್ಪ ಕಟ್ಟುತ್ತ ಬಂದವನು. ಆದುದರಿಂದ ಹಾಡಿನ ವಿಷಯವನ್ನೇ ಆರಿಸಿಕೊಂಡಿರುವೆನು. ಅದರಲ್ಲಿಯೂ ಹಾಡು ಹುಟ್ಟುವ ಒಂದು ಸ್ಥಳವನ್ನು ಕುರಿತು ಮಾತ್ರ ಅರಿಕೆಮಾಡಿಕೊಳ್ಳುವೆನು. ಆ ಸ್ಥಳವು ಬಹುದೂರದ್ದೇನೂ ಅಲ್ಲ. ನಮ್ಮ ನಮ್ಮ ಮನೆಯ ಒಳಕೋಣೆಯೇ ಅದು.

ಕವಿಯು ತನ್ನ ಸುಖದುಃಖಗಳನ್ನು ಹಾಡುವನೆಂದು ಲೋಕದ ತಿಳಿವಳಿಕೆ. ಅದು ಸುಳ್ಳಲ್ಲ. ಆದರೆ ನಮ್ಮ ನಾಡಿನ ಉತ್ತಮವಾದ ಹಾಡುಗಳನ್ನು ಮನಸ್ಸಿಟ್ಟು ಕೇಳಿದರೆ ಇನ್ನೊಂದು ಸಂಗತಿಯು ಹೊಳೆಯುವುದು. ಅನೇಕ ಹಾಡುಗಳು ಹಾಡುಗಾರನ ಸ್ವಂತ ದುಃಖದಿಂದ ಹುಟ್ಟಿದವುಗಳಲ್ಲ. ತನ್ನ ಹತ್ತಿರದವರೊಬ್ಬರು, ತಾಯಿಯೋ ಮಡದಿಯೋ ಸೋದರಿಯೋ, ಯಾರಿಗೂ ಹೇಳದೆ ಒಳಗೊಳಗೇ ಸವೆಯುತ್ತಿರುವುದನ್ನು ಕಂಡ ದಿನ ಅವು ಹುಟ್ಟಿರುವುವು. ಒಂದೇ ಮಾಡಿನ ಕೆಳಗೆ ವಾಸಿಸುತ್ತ, ಒಂದೇ ಒಲೆಯ ಅಡಿಗೆಯನ್ನುಣ್ಣುತ್ತ, ಆ ಜೀವವು ಎಷ್ಟು ಒಂಟಿಯಾಗಿತ್ತೆಂಬುದನ್ನು ಅರಿತಾಗ ಎದೆಯು ತಲ್ಲಣಿಸುವುದು. ಆ ತಲ್ಲಣಕ್ಕೆ ಮಾತು ಸಾಲದಾದಾಗ ಹಾಡು ಬರುವುದು.

ನಮ್ಮ ಸೀಮೆಯಲ್ಲಿ “ಆರಾಮ” ಎಂಬುದೊಂದು ಶಬ್ದವುಂಟು. “ಹ್ಯಾಂಗಿದ್ದೀಯವ್ವಾ?” ಎಂದರೆ “ಆರಾಮಿದ್ದೇನಪಾ” ಎಂಬುದೇ ಉತ್ತರ. ಮಗ್ಗುಲ ಬೇನೆಯಿಂದ ರಾತ್ರಿಯೆಲ್ಲ ನಿದ್ದೆಯಿಲ್ಲದವಳೂ ಆರಾಮ. ಸೊಸೆಯೊಡನೆ ತಿಂಗಳುಗಟ್ಟಲೆ ಮಾತಿಲ್ಲದವಳೂ ಆರಾಮ. ಗಂಡನನ್ನು ಕಳೆದುಕೊಂಡು ದೊಡ್ಡ ಮನೆಯ ಮೂಲೆಯೊಂದರಲ್ಲಿ ದಿನವನ್ನು ನೂಕುವವಳೂ ಆರಾಮ. ಈ ಒಂದು ಶಬ್ದದ ಹಿಂದೆ ಎಷ್ಟು ಮಂದಿ ಅಡಗಿ ಕುಳಿತಿರುವರು! ಹಾಡು ಕಟ್ಟುವವನ ಕಿವಿಯು ಆ ಶಬ್ದದ ಆಚೆಗೆ ಕೇಳಬಲ್ಲುದಾಗಿರಬೇಕು. ಇದೇ ನನ್ನ ಇಂದಿನ ಮಾತುಗಳ ತಿರುಳು.

ಏಕಾಂತವೆಂಬುದು ಎರಡು ಬಗೆ. ಸಾಧಕನು ತಾನಾಗಿ ಆರಿಸಿಕೊಂಡ ಏಕಾಂತವೊಂದು. 12ನೆಯ ಶತಮಾನದ ಅಕ್ಕಮಹಾದೇವಿಯು ಮನೆಮಾರುಗಳನ್ನು ತೊರೆದು ನಡೆದಳು. ತನ್ನ ವಿರಹವನ್ನು ಮರಗಿಡಗಳ ಮುಂದೆ, ಹಕ್ಕಿಗಳ ಮುಂದೆ ಬಾಯಿಬಿಟ್ಟು ನುಡಿದಳು. ಆಕೆಯ ಒಂಟಿತನಕ್ಕೆ ಚೆನ್ನಮಲ್ಲಿಕಾರ್ಜುನನೆಂಬ ಗುರಿಯಿದ್ದಿತು, ನುಡಿಗೆ ಅಂಕಿತವಿದ್ದಿತು. ಆದರೆ ಗೃಹಸ್ಥರ ಮನೆಗಳಲ್ಲಿ, ಜನರ ನಡುವೆಯೇ ಇದ್ದು ಒಬ್ಬಂಟಿಯಾದವರ ಏಕಾಂತವು ಬೇರೆ. ಅದನ್ನು ಅವರು ಆರಿಸಿಕೊಂಡವರಲ್ಲ; ಅದನ್ನು ಹೇಳುವ ಎಡೆಯೂ ಅವರಿಗಿಲ್ಲ. ನಾನು ಹೇಳಲಿರುವುದು ಈ ಎರಡನೆಯದನ್ನು ಕುರಿತು.

ಆ ಎಡೆಯಿಲ್ಲದವರಿಗೆ ಹಿಂದೆ ಒಂದು ಎಡೆಯನ್ನು ಒದಗಿಸಿದುದು ಬೀಸುವ ಕಲ್ಲು. ಇಲ್ಲಿ ನೆರೆದಿರುವ ಹಿರಿಯರು ಅದನ್ನು ಕಂಡವರೇ ಆಗಿರುವಿರಿ. ಬೆಳಗಿನ ಕೋಳಿ ಕೂಗುವ ಮುನ್ನವೇ ಹೆಣ್ಣುಮಕ್ಕಳೆದ್ದು ಮನೆಮಂದಿಗೆ ಬೇಕಾದ ಜೋಳವನ್ನು ಬೀಸಬೇಕು. ಒಬ್ಬಳೇ ಕುಳಿತು ಬೀಸುವುದುಂಟು. ಇಬ್ಬರು ಎದುರುಬದುರು ಕುಳಿತು ಒಂದೇ ಗೂಟವನ್ನು ಹಿಡಿದು ತಿರುಹುವುದೂ ಉಂಟು. ಹೊರಗೆ ಕತ್ತಲೆ, ಒಳಗೆ ಅತ್ತೆಮಾವಂದಿರಿಗೆ ಇನ್ನೂ ನಿದ್ದೆ. ಕಲ್ಲಿನ ಗರಗರ ಸಪ್ಪಳವು ದನಿಯನ್ನು ಅರೆಮರ್ಧ ಮುಚ್ಚುವುದು. ಹಗಲಿನಲ್ಲಿ ತಲೆಯ ಮೇಲಿನ ಸೆರಗನ್ನು ಸರಿಸದೆ, ಹಿರಿಯರೆದುರು ಸೊಲ್ಲೆತ್ತದೆ ಇದ್ದ ಸೊಸೆಯು ಆ ಹೊತ್ತಿನಲ್ಲಿ ಬಾಯಿತೆರೆದು ಹಾಡಬಹುದಾಗಿದ್ದಿತು. ಮೊದಲು ಶಿವನನ್ನು ನೆನೆಯುವಳು, ಭೂಮಿತಾಯಿಯನ್ನು ನೆನೆಯುವಳು, ಹೆತ್ತವರನ್ನು ಹರಸುವಳು. ಬಳಿಕ ಮೆಲ್ಲಗೆ ತನ್ನ ಎದೆಯ ಗಂಟನ್ನು ಬಿಚ್ಚುವಳು.

ಈ ಹಾಡುಗಳ ಛಂದಸ್ಸು ತ್ರಿಪದಿ. ಬಾದಾಮಿಯಲ್ಲಿರುವ, ಸುಮಾರು ಕ್ರಿ. ಶ. 700ರ ಕಾಲದ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಈ ಛಂದಸ್ಸು ಕಾಣುವುದಾದ್ದರಿಂದ ಇದರ ಪ್ರಾಚೀನತೆಯನ್ನು ಬೇರೆ ಹೇಳಬೇಕಾದುದಿಲ್ಲ. ಸರ್ವಜ್ಞನು ಲೋಕನೀತಿಯನ್ನು ಸಾರಿದುದೂ ಇದರಲ್ಲಿಯೇ. ಮೂರು ಸಾಲುಗಳು, ಹನ್ನೊಂದು ಗಣಗಳು. ಹಾಡುವಾಗ ಎರಡನೆಯ ಸಾಲನ್ನು ಮರಳಿ ಹಿಡಿದು ಮೂರನೆಯದಕ್ಕೆ ಇಳಿಯುವುದು. ಕಲ್ಲಿನ ಸುತ್ತಿಗೆ ಇದು ಹೇಳಿಮಾಡಿಸಿದಂತಿದೆ. ಎರಡನೆಯ ಸಾಲನ್ನು ಮರಳಿ ಹಾಡುವಷ್ಟರಲ್ಲಿ ಮುಂದಿನ ಮಾತನ್ನು ಹೇಳಲೋ ಬೇಡವೋ ಎಂದು ಯೋಚಿಸಲು ಹಾಡುವವಳಿಗೆ ಒಂದು ಗಳಿಗೆಯ ಬಿಡುವು ದೊರೆಯುವುದೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಆ ಪದಗಳ ವಸ್ತುವಾದರೂ ಏನು? ತವರುಮನೆಯ ಹಂಬಲ, ಪಂಚಮಿಗೆ ಕರೆಯಲು ಬರಬೇಕಾದ ಅಣ್ಣನ ದಾರಿಯನ್ನು ಕಾಯುವುದು, ಮಕ್ಕಳಿಲ್ಲದವಳ ಸಂಕಟ, ಮನಸ್ಸು ಬೇರೆಡೆಗೆ ತಿರುಗಿದ ಗಂಡನ ಮೌನ. ಇವುಗಳಲ್ಲಿ ಅತ್ಯಂತ ಮನಕರಗಿಸುವ ಭಾವವೊಂದುಂಟು. ತವರಿನ ಕಡೆಗೆ ಹೋಗುವವರ ಕೈಯಲ್ಲಿ ಮಗಳು ತನ್ನ ಕ್ಷೇಮವನ್ನು ಹೇಳಿಕಳುಹಿಸುವಳು. ತನ್ನ ಕಷ್ಟವನ್ನು ತಾಯಿಗೆ ಹೇಳಬಾರದೆಂದು ಬೇಡಿಕೊಳ್ಳುವಳು. ತಾಯಿಯು ನೊಂದಾಳೆಂದು ಮಗಳು ಮುಚ್ಚಿಡುವಳು. ಆ ತಾಯಿಯಾದರೋ ಒಂದು ಕಾಲದಲ್ಲಿ ತನ್ನ ತಾಯಿಯಿಂದ ಹಾಗೆಯೇ ಮುಚ್ಚಿಟ್ಟವಳು. ಹೀಗೆ ಒಲವೇ ಒಂಟಿತನಕ್ಕೆ ಕಾರಣವಾಗುವುದು. ದ್ವೇಷದಿಂದ ಆಡದೆ ಇರುವವರಿಗಿಂತ ಪ್ರೀತಿಯಿಂದ ಆಡದೆ ಇರುವವರೇ ಮನೆಗಳಲ್ಲಿ ಹೆಚ್ಚೆಂಬುದನ್ನು ಆ ಪದಗಳು ನಮಗೆ ಕಲಿಸಿರುವುವು. ತೊಟ್ಟಿಲ ಕೂಸಿನ ಮುಂದೆ ಹಾಡುವ ಜೋಗುಳದಲ್ಲಿಯೂ ಇದೇ ಮರ್ಮವಿದೆ. ಕೂಸಿಗೆ ಅರ್ಥವಾಗದೆಂಬ ಧೈರ್ಯದಿಂದಲೇ ತಾಯಿಯು ಅದರ ಮುಂದೆ ಎಲ್ಲವನ್ನೂ ಹೇಳುವಳು.

ನನ್ನ ದೊಡ್ಡಮ್ಮನವರೊಬ್ಬರು ಚಿಕ್ಕ ವಯಸ್ಸಿನಲ್ಲಿಯೇ ವೈಧವ್ಯವನ್ನು ಹೊಂದಿ ನಮ್ಮ ಮನೆಯಲ್ಲಿದ್ದರು. ಅವರು ಬೀಸುವಾಗ ಹಾಡುತ್ತಿದ್ದ ಪದವೊಂದನ್ನು ಕೇಳಿ, “ಇದು ಯಾರ ಹಾಡು, ದೊಡ್ಡವ್ವಾ?” ಎಂದು ನಾನು ಕೇಳಿದುದುಂಟು. “ನಂದಲ್ಲಪಾ, ಕಲ್ಲಿಂದು” ಎಂದು ನಕ್ಕುಬಿಟ್ಟರು. ಆ ಮಾತಿನ ಆಳವು ತಿಳಿಯುವುದಕ್ಕೆ ನನಗೆ ಬಹುಕಾಲ ಹಿಡಿಯಿತು. ವಚನಕ್ಕೆ ಅಂಕಿತವಿದೆ, ಕೀರ್ತನೆಗೆ ಅಂಕಿತವಿದೆ. ಬೀಸುವ ಪದಕ್ಕೆ ಮಾತ್ರ ಅಂಕಿತವಿಲ್ಲ. ಅದು ಯಾರ ದುಃಖವೆಂದು ಬರೆದಿಟ್ಟಿಲ್ಲ. ಆದುದರಿಂದಲೇ ಅದನ್ನು ಯಾರೂ ಹಾಡಬಹುದು, ಹಾಡುವವಳನ್ನು ಹಿಡಿದು, “ನಿನಗೇನು ಕಡಿಮೆಯಾಗಿದೆ?” ಎಂದು ಯಾರೂ ಗದರಿಸುವಂತಿಲ್ಲ. ದುಃಖವನ್ನು ಹೊರಗಿಟ್ಟು ದುಃಖಿಯನ್ನು ಮರೆಯಲ್ಲಿಟ್ಟು ಕಾಯುವ ಈ ಉಪಾಯವು ನಮ್ಮ ಓದು ಬರೆಹವಿಲ್ಲದ ತಾಯಂದಿರು ಕಂಡುಹಿಡಿದುದು.

ಇನ್ನು “ಕೆರೆಗೆ ಹಾರ” ಎಂಬ ಕಥನಗೀತವನ್ನು ನೆನೆಯೋಣ. ಕಲ್ಲನಕೇರಿಯ ಮಲ್ಲನಗೌಡನು ಕೆರೆಯನ್ನು ಕಟ್ಟಿಸಿದನು. ಹನಿ ನೀರೂ ಬೀಳಲಿಲ್ಲ. ಸೊಸೆಯೊಬ್ಬಳನ್ನು ಹಾರಕೊಡಬೇಕೆಂದು ಹೊತ್ತಿಗೆಯಲ್ಲಿ ಕಂಡಿತಂತೆ. ಕಿರಿಯ ಸೊಸೆ ಭಾಗೀರತಿಯನ್ನು ಗೊತ್ತುಮಾಡಿದರು. ಆಕೆಯ ಗಂಡ ಮಾದೇವರಾಯನು ದಂಡಿನಲ್ಲಿ ದೂರವಿದ್ದನು. ಸಂಗತಿಯನ್ನರಿತ ಭಾಗೀರತಿಯು ತವರಿಗೆ ಹೋಗುವಳು. ಮಗಳ ಮೋರೆ ಬಾಡಿದುದನ್ನು ಕಂಡು ತಂದೆಯು ಕೇಳುವನು. ಅತ್ತೆಮಾವಂದಿರು ಬೇರೆ ಇಡುವರಂತೆಂದು ಆಕೆಯು ಸಣ್ಣದೊಂದು ನೆವವನ್ನು ಹೇಳುವಳು. ತಂದೆಯು ಆ ನೆವಕ್ಕೆ ತಕ್ಕ ಸಮಾಧಾನವನ್ನು ಹೇಳಿ ಸುಮ್ಮನಾಗುವನು. ತಾಯಿಯ ಮುಂದೆಯೂ ಹಾಗೆಯೇ ಆಗುವುದು. ಕಡೆಗೆ ಗೆಳತಿಯ ಮನೆಗೆ ಹೋಗಿ ಅಲ್ಲಿ ಮಾತ್ರ ನಿಜವನ್ನಾಡುವಳು. ಆ ಗೆಳತಿಯಾದರೂ ಏನು ಮಾಡಿಯಾಳು? ಕೊಟ್ಟವರು ಇಟ್ಟಂತೆ ಇರಬೇಕೆಂದು ಲೋಕದ ಮಾತನ್ನೇ ಹೇಳಿ ಕಳುಹಿಸುವಳು. ಭಾಗೀರತಿಯು ಮರಳಿ ಬಂದು ಮನೆಗೆಲಸಗಳನ್ನೆಲ್ಲ ಮುಗಿಸಿ ಕೆರೆಗೆ ಹಾರವಾಗುವಳು. ದಂಡಿನಿಂದ ಬಂದ ಗಂಡನಿಗೆ ಮನೆಯವರು ನಿಜವನ್ನು ಹೇಳುವುದಿಲ್ಲ; ಗೆಳತಿಯೇ ಹೇಳುವಳು. ಅವನೂ ಅದೇ ಕೆರೆಗೆ ಹಾರುವನು.

ಈ ಕಥೆಯನ್ನು ತ್ಯಾಗದ ಕಥೆಯೆಂದು ಹೊಗಳುವವರುಂಟು. ಕ್ರೌರ್ಯದ ಕಥೆಯೆಂದು ಜರೆಯುವವರೂ ಉಂಟು. ನಾನಾದರೋ ಆ ಮೂರು ಭೇಟಿಗಳನ್ನು ಕುರಿತು ಯೋಚಿಸುವೆನು. ತಂದೆಯು ಕೇಳದೆ ಇರಲಿಲ್ಲ, ತಾಯಿಯೂ ಕೇಳದೆ ಇರಲಿಲ್ಲ. ಇಬ್ಬರೂ ಪ್ರೀತಿಯಿಂದಲೇ ಕೇಳಿದರು. ಆದರೆ ಮೊದಲನೆಯ ಉತ್ತರಕ್ಕೆ ಇಬ್ಬರೂ ತೃಪ್ತರಾದರು. ಇನ್ನೊಂದು ಸಲ, “ಅಷ್ಟೇ ಏನು ಮಗಳೆ?” ಎಂದು ಕೇಳಿ ಒಂದು ಗಳಿಗೆ ಕಾದಿದ್ದರೆ! ಆ ಕೇಳದೆ ಉಳಿದ ಎರಡನೆಯ ಪ್ರಶ್ನೆಯ ನೋವಿನಿಂದಲೇ ಈ ಹಾಡು ಇಂದಿಗೂ ಬದುಕಿದೆಯೆಂದು ನನ್ನ ನಂಬಿಕೆ. ಇದನ್ನು ಕಟ್ಟಿದವರು ಯಾರನ್ನೂ ಬಯ್ಯಲಿಲ್ಲ. ಯಾರು ಕೇಳಿದರು, ಆಕೆ ಏನು ಹೇಳಿದಳು, ಅವರು ಏನೆಂದರು ಎಂಬಿಷ್ಟನ್ನೇ ಹಾಡಿ, ತೀರ್ಪನ್ನು ಕೇಳುವವರ ಎದೆಗೆ ಬಿಟ್ಟರು.

ಇಂತಹ ಹಾಡುಗಳು ಕಲ್ಲಿನ ಬಳಿಯೇ ಹುಟ್ಟಿ ಕಲ್ಲಿನ ಬಳಿಯೇ ಅಳಿದುಹೋಗುತ್ತಿದ್ದುವು. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಅವುಗಳನ್ನು ಕೇಳಿ ಬರೆದಿಟ್ಟರು. ಆ ಗೆಳೆಯರ ದುಡಿಮೆಯಿಂದ 1931ರಲ್ಲಿ “ಗರತಿಯ ಹಾಡು” ಎಂಬ ಸಂಗ್ರಹವು ಹೊರಬಂದಿತು. ಅವರು ಇದಕ್ಕಾಗಿ ದೂರದೇಶವನ್ನು ಹುಡುಕಿ ಹೋದವರಲ್ಲ. ತಮ್ಮ ಸೀಮೆಯ ಮನೆಗಳಲ್ಲಿ ನಿತ್ಯವೂ ಕಿವಿಗೆ ಬೀಳುತ್ತಿದ್ದ ದನಿಯನ್ನು, ಸಾಹಿತ್ಯವೆಂದು ಯಾರೂ ಎಣಿಸದಿದ್ದ ದನಿಯನ್ನು, ಗೌರವದಿಂದ ಕುಳಿತು ಕೇಳಿದರು. ಗಂಡುಮಕ್ಕಳು ಲೇಖನಿಯನ್ನು ಹಿಡಿದು ತಾಯಿ ಅಕ್ಕತಂಗಿಯರ ಪದವನ್ನು ಕೇಳಲು ಕುಳಿತರೆಂಬುದೇ ಒಂದು ದೊಡ್ಡ ಸಂಗತಿ.

ಹಾಡಿದವರೇ ನೊಂದವರಾದಾಗಿನ ಮಾತು ಇದಾಯಿತು. ಮತ್ತೊಬ್ಬರ ನೋವನ್ನು ಕಂಡು ಹಾಡು ಕಟ್ಟಿದವರಲ್ಲಿ ನಮಗೆಲ್ಲ ಹತ್ತಿರದವರು ಧಾರವಾಡದ ದ. ರಾ. ಬೇಂದ್ರೆಯವರು. 1896ರಲ್ಲಿ ಜನಿಸಿ, ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ತಾಯಿಯ ಆಸರೆಯಲ್ಲಿ ಬೆಳೆದವರು. ತಾಯಿ ಅಂಬಿಕೆಯ ಮಗನೆಂಬ ಅರ್ಥದ “ಅಂಬಿಕಾತನಯದತ್ತ”ನೆಂಬ ಹೆಸರನ್ನು ತಮ್ಮ ಕಾವ್ಯಕ್ಕೆ ಅಂಕಿತವಾಗಿ ಇಟ್ಟುಕೊಂಡರು. “ನರಬಲಿ” ಎಂಬ ಕವಿತೆಯ ದೆಸೆಯಿಂದ ಪರಸರಕಾರದ ಕೋಪಕ್ಕೆ ಗುರಿಯಾಗಿ ಹಿಂಡಲಗಿಯ ಸೆರೆಮನೆಯನ್ನು ಕಂಡು, ಬಳಿಕ ಮುಗದ ಎಂಬ ಹಳ್ಳಿಯಲ್ಲಿ ನಿರ್ಬಂಧದಲ್ಲಿದ್ದರು. ಸ್ಥಿರವಾದ ಉದ್ಯೋಗವಿಲ್ಲದ ಬಡತನವನ್ನು ಬಹುಕಾಲ ಉಂಡರು. ಮೇಲೆ ಮೇಲೆ ಹಲವು ಮಕ್ಕಳನ್ನು ಕಳೆದುಕೊಂಡರು. ಇವೆಲ್ಲವೂ ಕವಿಯ ಕಷ್ಟಗಳೆಂದು ಚರಿತ್ರೆಯಲ್ಲಿ ಬರೆಯುವೆವು. ಆದರೆ ಇದೇ ಕಷ್ಟಗಳನ್ನು ಅದೇ ಮನೆಯಲ್ಲಿ, ಕವಿತೆಯ ಆಸರೆಯಿಲ್ಲದೆ, ಸಭೆಗಳ ಕರತಾಡನವಿಲ್ಲದೆ, ಅವರ ಮಡದಿ ಲಕ್ಷ್ಮೀಬಾಯಿಯವರೂ ಉಂಡವರಲ್ಲವೆ?

ಇದನ್ನು ಬೇಂದ್ರೆಯವರು ಕಂಡರು. 1937ರ “ಸಖೀಗೀತ”ವು ಅವರ ಸಂಸಾರದ ಸುಖದುಃಖಗಳನ್ನು ಮಡದಿಯನ್ನೇ ಸಖಿಯೆಂದು ಕರೆದು ಹೇಳುವ ದೀರ್ಘಕಾವ್ಯ. ಕಷ್ಟವನ್ನು ಲೋಕಕ್ಕೆ ಹೇಳುವುದು ಬೇರೆ. ಕಷ್ಟವನ್ನು ಜೊತೆಗೆ ಹೊತ್ತವಳನ್ನೇ ಎದುರಿಗೆ ಕುಳ್ಳಿರಿಸಿಕೊಂಡು, “ಇದೆಲ್ಲ ನಿನಗೂ ಆಯಿತು, ನಾನು ಬಲ್ಲೆ” ಎಂಬ ಭಾವದಿಂದ ನುಡಿಯುವುದು ಬೇರೆ. “ನೀ ಹೀಂಗ ನೋಡಬ್ಯಾಡ ನನ್ನ” ಎಂಬ ಅವರ ಇನ್ನೊಂದು ಗೀತವು ಮಗುವನ್ನು ಕಳೆದುಕೊಂಡ ಸಂದರ್ಭದಲ್ಲಿ ಹುಟ್ಟಿತೆಂಬುದು ನಾಡಿಗೆಲ್ಲ ತಿಳಿದ ವಿಷಯ. ಹೆತ್ತವಳು ಅಳುವುದಿಲ್ಲ, ಆಡುವುದಿಲ್ಲ. ಬಿಕ್ಕನ್ನು ಒಳಗೇ ಹಿಡಿದು ಗಂಡನ ಕಡೆಗೆ ನೋಡುವಳು, ಅಷ್ಟೆ. ಆ ನೋಟವನ್ನು ಎದುರಿಸಲಾರದ ಗಂಡನ ಮೊರೆಯೇ ಆ ಹಾಡು.

ಇಲ್ಲಿ ನಾವು ನಿಂತು ವಿಚಾರಿಸತಕ್ಕ ಪ್ರಶ್ನೆಯೊಂದಿದೆ. ಹತ್ತಿರದವರು ಮುಚ್ಚಿಟ್ಟ ನೋವನ್ನು ಹಾಡಾಗಿ ಮಾಡುವುದು ಧರ್ಮವೆ? ಅವರು ಮರೆಯಲ್ಲಿಟ್ಟುದನ್ನು ಬೀದಿಗೆ ತಂದಂತಾಗುವುದಿಲ್ಲವೆ? ಈ ಶಂಕೆಯು ಸಣ್ಣದಲ್ಲ. ತಾಯಿಯ ಕಣ್ಣೀರಿನಿಂದ ಮಗನಿಗೆ ಕೀರ್ತಿ ಬಂದರೆ, ಆ ಕೀರ್ತಿಯಲ್ಲಿ ತಾಯಿಗೆ ಪಾಲೇನು? ಬೇಂದ್ರೆಯವರ ಆ ಗೀತವನ್ನೇ ನೋಡಿದರೆ ಉತ್ತರವು ದೊರೆಯುವುದು. ಅದರಲ್ಲಿ ಕವಿಯು ಮಡದಿಯನ್ನು ಮೇಲೆ ನಿಂತು ನೋಡಿ ಮರುಗುವುದಿಲ್ಲ. ನೋಡುವವಳು ಆಕೆ, ನೋಡಿಸಿಕೊಂಡು ತತ್ತರಿಸುವವನು ಇವನು. ಆಕೆಯ ಮೌನದ ಮುಂದೆ ತನ್ನ ಮಾತುಗಾರಿಕೆಯೆಲ್ಲ ನಿಷ್ಫಲವಾಯಿತೆಂಬುದನ್ನೇ ಹಾಡಿದ್ದಾನೆ. ಬಿಚ್ಚಿ ತೋರಿಸಿದುದು ತನ್ನೆದೆಯನ್ನು. ಆಕೆಯ ದುಃಖವು ಆಕೆಯಲ್ಲಿಯೇ ಗಂಭೀರವಾಗಿ ಉಳಿದುಕೊಂಡಿದೆ. ಆದುದರಿಂದಲೇ ಅದು ಆಕೆಗೆ ಅವಮಾನವಾಗಲಿಲ್ಲ, ಗೌರವವಾಯಿತು.

ಪ್ರಸಾದನಿಲಯದ ತರುಣರಲ್ಲಿ ಹಾಡು ಕಟ್ಟುವ ಹಂಬಲವುಳ್ಳವರು ಹಲವರಿರಬಹುದು. ಅವರಿಗಾಗಿ ಮೂರು ಮಾತುಗಳನ್ನು ಹೇಳುವೆನು. ಒಂದನೆಯದಾಗಿ, ಹಾಡು ಕಟ್ಟುವ ಮುನ್ನ ಕೇಳುವುದನ್ನು ಕಲಿಯಿರಿ. ಹಾಡಿಗೆ ವಸ್ತು ಬೇಕೆಂದು ಕೇಳುವವನಿಗೆ ಯಾರೂ ನಿಜವನ್ನು ಹೇಳುವುದಿಲ್ಲ. ಕೆಲಸದಲ್ಲಿ ಕೈಗೂಡಿಸಿ ಮಗ್ಗುಲಲ್ಲಿ ಕುಳಿತವನಿಗೆ ತಾನಾಗಿಯೇ ಹೇಳುವರು. ಎರಡನೆಯದಾಗಿ, ನೊಂದವರ ಗುರುತನ್ನು ಕಾಯಿರಿ. ಬೀಸುವ ಪದವು ಹೆಸರನ್ನು ಬಿಟ್ಟು ಭಾವವನ್ನು ಮಾತ್ರ ಉಳಿಸಿಕೊಂಡಂತೆ, ನೀವೂ ಗುರುತನ್ನು ಕಳೆದು ನೋವಿನ ತಿರುಳನ್ನು ಮಾತ್ರ ಹಿಡಿಯಿರಿ. ಮೂರನೆಯದಾಗಿ, ಕಟ್ಟಿದ ಹಾಡನ್ನು ಯಾರ ನೋವಿನಿಂದ ಕಟ್ಟಿದಿರೋ ಅವರ ಮುಂದೆ ಹಾಡಬಹುದೆ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಅವರು ಅದನ್ನು ಕೇಳಿ ತಲೆತಗ್ಗಿಸುವಂತಿದ್ದರೆ ಆ ಹಾಡನ್ನು ಹರಿದುಹಾಕಿರಿ. “ಇವನಿಗೆ ಗೊತ್ತಿತ್ತು” ಎಂದು ಅವರ ಎದೆಯು ಹಗುರವಾಗುವಂತಿದ್ದರೆ ಆ ಹಾಡು ಸಾರ್ಥಕವಾಯಿತು. ಜಗತ್ತು ಅದನ್ನು ಕೇಳಲಿ, ಬಿಡಲಿ.

ಇಂದಿನ ಕಾಲಕ್ಕೆ ಬರೋಣ. ಊರೂರಿಗೆ ಹಿಟ್ಟಿನ ಗಿರಣಿಗಳು ಬಂದುವು. ಹೆಣ್ಣುಮಕ್ಕಳ ರಟ್ಟೆಯ ನೋವು ತಪ್ಪಿತು. ಇದು ಸಂತೋಷದ ಸಂಗತಿ. ಬೀಸುವ ಕಲ್ಲು ಮರಳಿ ಬರಲೆಂದು ಹಾರೈಸುವುದು ಅವಿವೇಕ. ಆದರೆ ಕಲ್ಲಿನ ಜೊತೆಗೆ, ಹೇಳಿಕೊಳ್ಳುವ ಆ ಹೊತ್ತೂ ಹೋಯಿತು. ಹೇಳಬೇಕಾದುದು ಮಾತ್ರ ಹೋಗಲಿಲ್ಲ. ಮಕ್ಕಳು ಬೆಂಗಳೂರಿನಲ್ಲಿಯೋ ಸಮುದ್ರದಾಚೆಯೋ ಇರುವರು. ದೂರವಾಣಿಯಲ್ಲಿ ಮಾತಾಡುವರು, ಮೋರೆಯನ್ನೂ ನೋಡುವರು. “ಆರಾಮೇನವ್ವಾ?” “ಆರಾಮಪಾ.” ಅಲ್ಲಿಗೆ ಮುಗಿಯಿತು. ತಾಯಿಯು ಮಗನಿಗೆ ಚಿಂತೆಯಾದೀತೆಂದು ಮುಚ್ಚಿಡುವಳು. ಮಗನೂ ತನ್ನ ಕೋಣೆಯ ಒಂಟಿತನವನ್ನು ತಾಯಿಯಿಂದ ಮುಚ್ಚಿಡುವನು. ಗಂಡಸರ ಗತಿಯೂ ಬೇರೆಯಲ್ಲ. ಬೆಳೆ ಕೈಗೆ ಹತ್ತದೆ ಸಾಲದಲ್ಲಿ ಬಿದ್ದ ರೈತನು ಕಟ್ಟೆಯ ಮೇಲೆ ನಗುತ್ತ ಮಾತಾಡಿ ಮನೆಗೆ ಹೋಗಿ ಮಾತಿಲ್ಲದೆ ಮಲಗುವನು. ಅವನಿಗಂತೂ ಬೀಸುವ ಕಲ್ಲಿನ ಪದವೂ ಇರಲಿಲ್ಲ.

ಹೀಗಿರಲು ಶ್ರೀಮಠದ ಭಕ್ತರಲ್ಲಿ ನನ್ನದೊಂದು ಬಿನ್ನಹವಿದೆ. ಇಲ್ಲಿ ಪ್ರತಿ ವಾರ ಭಜನೆ ನಡೆಯುವುದು; ಊರಿನ ಹಿರಿಯ ತಾಯಂದಿರು ಬಂದು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ ಹೋಗುವರು. ಅವರಲ್ಲಿ ಅನೇಕರಿಗೆ ನೂರಾರು ಪದಗಳು ಬಾಯಿಪಾಠವಾಗಿರುವುವು. ಒಂದು ದಿನ ಅವರನ್ನು ಮುಂದೆ ಕುಳ್ಳಿರಿಸಿ ಅವರಿಂದ ಹಾಡಿಸಿರಿ. ತರುಣರು ಬರೆದುಕೊಳ್ಳಲಿ. ಪದವು ಉಳಿಯುವುದೊಂದು ಲಾಭ. ಅದಕ್ಕಿಂತ ದೊಡ್ಡ ಲಾಭವೆಂದರೆ, ಹಾಡು ಮುಗಿದ ಮೇಲೆ ಅವರು ಮೆಲ್ಲಗೆ ಆಡುವ ನಾಲ್ಕು ಮಾತುಗಳು. ಅವುಗಳನ್ನು ಬರೆದುಕೊಳ್ಳಬೇಡಿರಿ, ಸುಮ್ಮನೆ ಕೇಳಿರಿ.

ಹಾಡು ಕಟ್ಟುವ ಶಕ್ತಿಯು ಎಲ್ಲರಿಗೂ ಬಂದಿರುವುದಿಲ್ಲ, ಬರಬೇಕಾದುದೂ ಇಲ್ಲ. ಆದರೆ ಭಾಗೀರತಿಯ ತಂದೆತಾಯಿಗಳು ಕೇಳದೆ ಬಿಟ್ಟ ಆ ಎರಡನೆಯ ಪ್ರಶ್ನೆಯನ್ನು ಕೇಳುವ ಶಕ್ತಿಯು ಎಲ್ಲರಿಗೂ ಉಂಟು. ಇಂದು ಈ ಸಭೆಯಿಂದ ಮನೆಗೆ ಹೋದವರು, “ಆರಾಮ” ಎಂಬ ಉತ್ತರವನ್ನು ಕೇಳಿದ ಮೇಲೆಯೂ ಒಂದು ಗಳಿಗೆ ಅಲ್ಲಿಯೇ ಕುಳಿತುಕೊಳ್ಳಿರೆಂದು ಬೇಡಿಕೊಳ್ಳುವೆನು.